ವಾಗ್ದಾನದ ಚೀಟಿ ಹಿಂದಿರುಗಿಸಿದ ಬೇಬಿ ಬಾಯಿ

ಬೇಬಿ ಬಾಯಿಯನ್ನು ತಕ್ಕಡಿಗೆ ಹಾಕಿದರೆ ನಲವತ್ತು ಕಿಲೋ ದಾಟುವುದಿಲ್ಲ. ಅದರಲ್ಲೂ ಕಾಲು ಭಾಗ ನಾಲಿಗೆ. ಮಾಲು ಹಳೆಯದು, ಹುಳುಕಿಲ್ಲ. ರಾಯಪುರಂನ ನನ್ನ ಸಸ್ಯಾಹಾರಿ ಹೋಟೆಲಿಗೆ ಬಾಳೆಲೆ ಹಾಕುವವಳು. ಅವಳ ಕಟ್ಟಿನ ನಡುವೆ ಹರಿದ ಎಲೆಯೊಂದನ್ನು ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕಿಲ್ಲ. ವ್ಯಾಪಾರಿಗೆ ಇದಕ್ಕಿಂತ ಬೇಸರದ ಸಂಗತಿ ಬೇರೆ ಇಲ್ಲ. ಅವಳ ಹುಟ್ಟೂರೂ ನನ್ನದರ ಹಾಗೆ ಉಡುಪಿ ಕಡೆಯೇ, ಕ್ರೈಸ್ತರು. ಗಂಡ ಹಾರ್ಬರಿನಲ್ಲಿ ಮೂಟೆ ಹೊರುತ್ತಿದ್ದ.

ಅವರ ಚರ್ಚಿನಲ್ಲಿ ಹೊಸ ವರ್ಷದ ದಿನ ತಟ್ಟೆಯಲ್ಲಿ ಬೈಬಲ್ ವಚನದ ಚೀಟಿಗಳನ್ನು ಇಡುತ್ತಾರೆ. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಅದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. 1999ರಲ್ಲಿ ಗಂಡ ಕಾಮಾಲೆಯಿಂದ ಮಲಗಿದ್ದ. ಇವಳಿಗೆ ಬಂದದ್ದು ರೋಗ ವಾಸಿಮಾಡುವ ವಚನ. ಮಿಕ್ಸಿಯ ಗ್ಯಾರಂಟಿ ಕಾರ್ಡಿನ ಹಾಗೆ ಜೋಪಾನ ಮಾಡಿದಳು. ಈಸ್ಟರಿಗೆ ಮುಂಚೆಯೇ ಗಂಡ ತೀರಿಕೊಂಡ.

ಬೇಬಿ ಬಾಯಿ ಚೀಟಿಯನ್ನು ಒಯ್ದು ಪಾದ್ರಿಯ ಮೇಜಿನ ಮೇಲಿಟ್ಟಳು.

"ಎಂತ ಹೇಳಿದಿ?" ಎಂದು ಮರುದಿನ ಕೇಳಿದೆ.

"ಈ ಮಾಲು ನನಗೆ ಬೇಡ, ಕೊಟ್ಟವನಿಗೇ ಕೊಡಿ ಅಂದೆ ಧಣಿ. ಅವನು ಇದ್ದರೆ."

ಆ 'ಇದ್ದರೆ' ಹೇಳಿ ಅವಳು ಮುಖ ತಿರುಗಿಸಿ ಎಲೆ ಎಣಿಸತೊಡಗಿದಳು. ಗಂಡ ಹೋದದ್ದು ಒಂದು ದುಃಖ. ಹುಟ್ಟಿದಾಗಿನಿಂದ ನಂಬಿದವನೂ ಹೋದನೋ ಎಂಬುದು ಅದಕ್ಕಿಂತ ದೊಡ್ಡದಾಗಿತ್ತು.

"ಪಾದ್ರಿ?"

"ಚೀಟಿ ತೆಗೆದುಕೊಂಡರು. ನಿನ್ನ ಜಗಳ ನನ್ನ ಹತ್ತಿರ ಅಲ್ಲಮ್ಮ, ಚರ್ಚು ತೆರೆದೇ ಇದೆ, ಅಲ್ಲಿ ಹೋಗಿ ಬೈ ಅಂದರು."

ಹೋದಳು. ದಿನಾ ಎಲೆ ಹಾಕಿ ಮುಗಿಸಿ, ಕೊನೆಯ ಬೆಂಚಿನಲ್ಲಿ ಕೂತು ಮನಸಾರೆ ಬೈದಳು.

ನಾನು ಕೆಣಕಿದೆ: "ಇಲ್ಲದವನ ಹತ್ತಿರ ಯಾರಾದರೂ ದಿನಾ ಜಗಳಕ್ಕೆ ಹೋಗ್ತಾರಾ ಮಾರಾಯ್ತಿ?"

"ನಿಮ್ಮ ಸಾಂಬಾರಿನಲ್ಲಿ ಬೇಳೆ ಇಲ್ಲ ಅಂತ ಗೊತ್ತಿದ್ದೂ ಜನ ದಿನಾ ಬರುವುದಿಲ್ವಾ?"

ದೀಪಾವಳಿಯ ಹೊತ್ತಿಗೆ ಒಂದು ಬೆಳಿಗ್ಗೆ ಎಲೆ ಇಳಿಸಿ, ಹೋಗದೆ ನಿಂತಳು.

"ನಿನ್ನೆ ಬೈಗುಳ ಮುಗಿದುಹೋಯಿತು ಧಣಿ. ಎದ್ದು ಬರಲಿಕ್ಕೆ ಮನಸ್ಸಾಗಲಿಲ್ಲ. ಸುಮ್ಮನೆ ಕೂತೆ. ಅವನೂ ಸುಮ್ಮನಿದ್ದ. ನಮ್ಮವರು ತೀರಿಕೊಂಡಾಗ ಮನೆಗೆ ಬಂದವರೆಲ್ಲ ಬುದ್ಧಿ ಹೇಳಿದವರೇ. ನಾನು ಇಷ್ಟು ಬೈದರೂ ಎದ್ದುಹೋಗದೆ ಪಕ್ಕದಲ್ಲಿ ಕೂತವನು ಇವನೊಬ್ಬನೇ."

"ಹಾಗಾದರೆ ಚೀಟಿ ವಾಪಸು ತಂದೆಯಾ?"

"ಅದೆಲ್ಲ ಇನ್ನು ಬೇಡ. ಗ್ಯಾರಂಟಿ ನೋಡಿ ನಂಬಿದ್ದು ಸಾಕು."

ನನಗೆ ಪೂರ್ತಿ ಅರ್ಥವಾಗಲಿಲ್ಲ. ಗ್ಯಾರಂಟಿ ಇಲ್ಲದ ಒಂದು ಚಮಚವನ್ನೂ ನಾನು ಕೊಂಡವನಲ್ಲ.

2003ರಲ್ಲಿ ನನ್ನ ಹೆಂಡತಿ ಗುಣವತಿ ಸಾಕಿ ಬೆಳೆಸಿದ ತಮ್ಮ ಮಿಥುನ್, ಎಣ್ಣೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದ. ಗುಣವತಿ ಗೋಡೆಗೆ ಒರಗಿ ಕೂತವಳು ಅನ್ನ ಮುಟ್ಟಲಿಲ್ಲ. ಬಂಧುಗಳು ಬಂದರು, ವಿಧಿ ಅಂದರು, ಕರ್ಮ ಅಂದರು. ನಾನೂ ಏನೇನೋ ಅಂದೆ.

ಬೇಬಿ ಬಾಯಿ ಬಂದಳು. ಯೇಸುವಿನ ಹೆಸರನ್ನೂ ಎತ್ತಲಿಲ್ಲ. ಪಕ್ಕದಲ್ಲಿ ಕೂತಳು, ಅಷ್ಟೇ. ಮರುದಿನವೂ ಬಂದಳು, ಅದರ ಮರುದಿನವೂ. ಗುಣವತಿ ಒಮ್ಮೆ ಕೈ ಕೊಡವಿ, "ಹೋಗು, ನಿನ್ನ ದೇವರೂ ಬೇಡ, ನನ್ನ ದೇವರೂ ಬೇಡ" ಎಂದು ಕಿರುಚಿದಳು.

"ಬೈಯಿರಿ ಅಮ್ಮ," ಎಂದಳು ಬೇಬಿ ಬಾಯಿ, ಎದ್ದುಹೋಗಲಿಲ್ಲ.

ಆ ಸಂಜೆ ಗುಣವತಿ ಅವಳ ಹೆಗಲಿಗೆ ತಲೆಯಿಟ್ಟು ಮೊದಲ ಸಲ ಅತ್ತಳು. ಆಮೇಲೆ ಗಂಜಿ ಕೇಳಿದಳು.

ಇವತ್ತು ಗುಣವತಿ ನನ್ನೊಂದಿಗೆ ಕೂತು ಉಣ್ಣುತ್ತಾಳೆ. ಅದಕ್ಕೆ ನಾನು ಬೇಬಿ ಬಾಯಿಗೆ ಋಣಿ.