ಮೂರು ನುಡಿಯ ಹಾಡು

ದುಬಲಗುಂಡಿಯ ಅಂಗನವಾಡಿ ಟೀಚರ್ ಸುಗಂಧಾ ಮಕ್ಕಳ ಉಪ್ಪಿಟ್ಟು ತಿರುವುತ್ತಲೇ ಹಾಡು ಕಟ್ಟಿ, ತೂಕದ ರಿಜಿಸ್ಟರಿನ ಅಂಚಿನಲ್ಲಿ ಗೀಚಿಕೊಳ್ಳುತ್ತಾಳೆ. ಮನೆಗೆ ಬಂದವಳೇ ಕೋಳಿಗಳನ್ನು ಹೊರಗಟ್ಟಿ, ಗಡಿಯಾರವನ್ನು ಕೌದಿಯಲ್ಲಿ ಸುತ್ತಿ, ಕೆಮ್ಮದಿರಲೆಂದು ಅತ್ತೆಯ ಬಾಯಿಗೆ ಬೆಲ್ಲ ಹಾಕಿ, ಕರೆಂಟು ಹೋದೀತೆಂಬ ಗಾಬರಿಯಲ್ಲೇ ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತುತ್ತಾಳೆ. ಹಾಡಿದ್ದು ಎಂದೂ ಸರಿಬರುವುದಿಲ್ಲ. ಮರುದಿನ ಅದನ್ನೇ ಅಳಿಸಿ ಮತ್ತೆ ಹಾಡುತ್ತಾಳೆ. ಆದರೆ ಮೂರು ನುಡಿ ದಾಟುವುದಿಲ್ಲ. ಮೂರನೆಯದು ಬಂತೆಂದರೆ ಸ್ಟಾಪ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಹಾಡುತ್ತಾಳೆ. ಅದೇ ಕ್ಯಾಸೆಟ್ಟಿನಲ್ಲಿ, ಮುಂದೆ, ತೀರಿಕೊಂಡ ತಾಯಿಯ ಬೀಸುಕಲ್ಲಿನ ಹಾಡಿದೆ; ಬೆರಳು ತಡವಾದರೆ ಅದು ಅಳಿಸಿಹೋಗುತ್ತದೆ. "ಹೊಸ ಕ್ಯಾಸೆಟ್ ತಂದಿಟ್ಟೀನಲ್ಲ, ಯಾಕ ಇಷ್ಟು ಹೆದರಿಕೊಂಡು ಹಾಡ್ತಿ?" ಎನ್ನುತ್ತಾನೆ ಗಂಡ ಧಮ್ಮಪಾಲ. ಸುಗಂಧಾ ಗಡಿಯಾರದ ಕೌದಿ ಬಿಚ್ಚುತ್ತಾ ಹೇಳುತ್ತಾಳೆ: "ಅದರಾಗ ನಂದು ಮುಗಿದ ಮ್ಯಾಲ ಯಾರೂ ಹಾಡಂಗಿಲ್ರಿ."