ಅಂಚು ಸೀಳಿದ ಹಂಚು

ಶಂಕರಲಿಂಗ ಕಾಕಾ ಜಯಮಾಲಾಗ ಫೋನ್ ಮಾಡಿದ್ದು ಒಳ್ಳೇದಾಗಲಿ ಅಂತ ಹೇಳ್ಲಿಕ್ಕಲ್ಲ. "ನಿನ್ನ ಪಿಎಚ್‌ಡಿ ವೈವಾಕ್ಕ ಯಾರು ಬೇಕಾದ್ರೂ ಬಂದು ಪ್ರಶ್ನಿ ಕೇಳಬಹುದಂತಲ್ಲ? ನಾ ಬರ್ತೀನಿ. ನಾಕು ಮಂದಿ ಮುಂದ ಕೇಳ್ತೀನಿ," ಅಂದವನೇ ಇಟ್ಟುಬಿಟ್ಟ.

ಅವಗ ಈ ಕಾನೂನು ಹೇಳಿಕೊಟ್ಟವರು ಯಾರು? ಜಯಮಾಲಾಳ ಗೈಡ್ ರಘುವೀರ ಸರ್! ಶಭಾಷ್ ಅನ್ನಬೇಕು ಇಂಥ ಗುರುವಿಗಿ. ಪ್ರಬಂಧದಿಂದ ನಾಕನೇ ಅಧ್ಯಾಯ ತೆಗೀರಿ, ಯಾಕ ಸುಮ್ಮ ಮನಿ ಮಂದಿನ್ನ ಎದುರು ಹಾಕ್ಕೋತೀರಿ ಅಂತ ವರ್ಷಗಟ್ಟಲೆ ಹೇಳಿದ್ರು. ಆಕಿ ತೆಗೀಲಿಲ್ಲ. ಕಡೀಕ ಕಾಕಾನ ಕಿವಿಗಿ ಊದಿ, ತಾವು ಏನೂ ಅರೀದವರ ಹಂಗ ಕುಂತ್ರು.

ಜಯಮಾಲಾ ಹುಟ್ಟಿದ್ದು ಶಹಾಬಾದಿನಾಗ, ಕಲ್ಲಿನ ಖಣಿ ಧಣಿಗಳ ಮನ್ಯಾಗ. ಸೇಡಮ್ಮಿನ ಒಂದು ಕಾಲೇಜಿನಾಗ ಇತಿಹಾಸ ಕಲಿಸ್ಲಿಕತ್ತು ಭಾಳ ವರ್ಷ ಆದ್ರೂ ಇನ್ನಾ ಅತಿಥಿ ಉಪನ್ಯಾಸಕಿನೇ. ಪಿಎಚ್‌ಡಿ ಆದ್ರ ಕುರ್ಚಿ ಗಟ್ಟಿ, ಇಲ್ಲಂದ್ರ ಬರೋ ವರ್ಷ ಮನಿಗಿ. ಆಕಿ ಬರೆದದ್ದು ಖಣಿಗಳಾಗ ನೆಲಕ್ಕ ಹಾಸೋ ಫರಸಿ ಕಲ್ಲು ಒಡದವರ ಚರಿತ್ರೆ. ಅದರಾಗ ನಾಕನೇ ಅಧ್ಯಾಯ ಆಕಿ ಸ್ವಂತ ಮುತ್ಯಾ ಅಮೃತಪ್ಪನ ಖಣಿದು.

ಮುತ್ಯಾನ ಕಾಲದಾಗ ಚಿಂಚೋಳಿ ಕಡೆಯಿಂದ ಗಂಡ ಹೆಂಡತಿ ಮಕ್ಕಳು ಸಮೇತ ಕಲ್ಲು ಒಡೀಲಿಕ್ಕ ಬರ್ತಿದ್ರು. ಪಂಚಮಿಗೋ ಸುಗ್ಗಿಗೋ ಊರಿಗಿ ಹೋಗಬೇಕಂದ್ರ ತಿರುಗಿ ಬರೋ ಜಾಮೀನಿಗಿ ತಮ್ಮ ರೊಟ್ಟಿ ಹಂಚು ತಂದು ಧಣಿ ಮನ್ಯಾಗ ಇಟ್ಟು ಹೋಗಬೇಕು. ಹೇಳಿದ ದಿನಕ್ಕ ತಿರುಗಿ ಬಂದ್ರ ಹಂಚು ಕೊಡ್ತಿದ್ರು, ತಡ ಆದ್ರ ಹಂಚು ಹೋತು. ಹಂಚಿಲ್ಲದ ಹೆಣ್ಣುಮಗಳು ರೊಟ್ಟಿ ಎಲ್ಲಿ ಸುಡಬೇಕು? ಮಂದಿ ಒಲಿ ಮುಂದ ಕೈ ಚಾಚಿ ನಿಂದರಬೇಕು.

ಇದನ್ನ ಹೇಳಿದಾಕಿ ಆ ಖಣಿಯಾಗ ದುಡಿದ ವಾಡಿಯ ಹಣಮಮ್ಮ. ಈಗ ಕಣ್ಣು ಮಬ್ಬು, ನಾಲಿಗಿ ಮಾತ್ರ ಕುಡಗೋಲು. ಅಪ್ಪ ಸತ್ತಾನಂತ ಊರಿಗಿ ಹೋದಾಕಿ ದಿನಕರ್ಮ ಮುಗಿಸಿ ಬರೋದು ತಡ ಆತು. ಹಂಚು ಸಿಗಲಿಲ್ಲ. ಲಗ್ನದಾಗ ತವರುಮನಿಯವರು ಕೊಟ್ಟಿದ್ದು, ಒಂದು ಕಡೆ ಅಂಚು ಸೀಳಿತ್ತು ಅಂತ ಕೈಯಾಗ ಗೆರಿ ಎಳದು ತೋರಿಸಿದ್ಲು. ಜಯಮಾಲಾ ಎಲ್ಲಾ ಬರಕೊಂಡಳು. ತಾ ಯಾರ ಮೊಮ್ಮಗಳು ಅಂತ ಮಾತ್ರ ಹೇಳಲಿಲ್ಲ. ಹೇಳಿದ್ರ ಮುದುಕಿ ಬಾಯಿ ಬಿಡಂಗಿಲ್ಲ ಅಂತ ಅಂಜಿಕಿ. ಪ್ರಬಂಧದಾಗೂ ಅದನ್ನ ಬರೀಲಿಲ್ಲ.

ಅಧ್ಯಾಯದ ಸುದ್ದಿ ಮನಿಗಿ ಮುಟ್ಟಿದ ಮ್ಯಾಲ ಶಹಾಬಾದಿನ ಬಾಗಿಲು ಆಕಿಗಿ ಬಂದ್ ಆತು. ತಮ್ಮನ ನಿಶ್ಚಯಕ್ಕೂ ಕರೀಲಿಲ್ಲ. ಕಾಕಾನ ಹೆಂಡತಿ ಕಾಕು ಬಜಾರದಾಗ ಎದುರು ಬಂದ್ರೂ ಸೆರಗು ಎಳಕೊಂಡು ಮಾರಿ ತಿರುವಿದ್ಲು. ಹೋಗ್ಲಿ, ಇವರದ್ದೇನು ಅಂತ ಆಕಿ ಹಲ್ಲು ಕಚ್ಚಿ ಇದ್ಲು. ಆದ್ರ ಹೊರಗಿನ ಪರೀಕ್ಷಕಿ ವೃಂದಾ ಮೇಡಂ ತಮ್ಮ ವರದಿಯೊಳಗ ಒಂದು ಪ್ರಶ್ನಿ ಬರೆದಿದ್ರು: ಒಬ್ಬ ಮುದುಕಿ ಮಾತು ಬಿಟ್ಟು ಇದಕ್ಕ ಮತ್ತೇನು ಸಾಕ್ಷಿ? ಅದು ಆಕಿ ನಿದ್ದಿ ಕೆಡಿಸಿತು.

ಸಾಕ್ಷಿ ಹುಡುಕಿ ಚಿತ್ತಾಪುರ ತಿರುಗಿದ್ಲು, ಚಂದಾಪುರ ತಿರುಗಿದ್ಲು. ಖಣಿಯಾಗ ದುಡಿದವರು ಭಾಳ ಮಂದಿ ಸತ್ತಿದ್ರು. ಇದ್ದವರು, ಶಂಕರಲಿಂಗ ಧಣಿ ಹೆಸರು ಬಂದ್ರ ನಮಗ್ಯಾಕ ಬೇಕವ್ವ ಅಂತ ಒಳಗ ಹೋಗ್ತಿದ್ರು. ಮುತ್ಯಾನ ಖಣಿ ಈಗ ನೀರು ತುಂಬಿದ ತಗ್ಗು, ಎಮ್ಮಿ ಮೈ ತೊಳೀಲಿಕ್ಕ ಬರ್ತಾವ. ವೈವಾ ಹಿಂದಿನ ದಿನ ಕನ್ನಡಿ ಮುಂದ ನಿಂತು ಉತ್ತರ ಹೇಳಿ ನೋಡ್ಕೊಂಡ್ರ ಎಲ್ಲಾ ಪ್ರಶ್ನಿಗೂ ಉತ್ತರ ಬಂತು, ಆ ಒಂದಕ್ಕ ಬರಲಿಲ್ಲ.

ವೈವಾ ದಿನ ರಿವಾಜಿನ ಪ್ರಕಾರ ಪರೀಕ್ಷಕರಿಗಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಕಿನೇ ತಂದಿಟ್ಟಳು. ಶಾಲು ಹೊದಿಸಿಕೊಂಡವರೇ ಕುತ್ತಿಗಿ ಹಿಡೀತಾರ, ಇದೆಂಥ ಪದ್ಧತಿನೋ ಏನೋ. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ಮುಂದಿನ ಸಾಲಿನಾಗೇ ಕುಂತಿದ್ದ. ರಘುವೀರ ಸರ್ ಅವಗ ಚಹಾ ತರಿಸಿಕೊಟ್ರು.

ಜಯಮಾಲಾ ಮಾತಾಡಿದ್ದು ಛಲೋನೇ ಇತ್ತು. ವೃಂದಾ ಮೇಡಂ ಕಣ್ಣು ಎತ್ತದೇ ಕೇಳಿ, ಮುಗಿದ ಮ್ಯಾಲ ಅದೇ ಪ್ರಶ್ನಿ ಇಟ್ರು. ಆಕಿ ಸುಳ್ಳು ಹೇಳಲಿಲ್ಲ, ಎರಡನೇ ಸಾಕ್ಷಿ ಸಿಕ್ಕಿಲ್ಲರಿ ಅಂದಳು. ಹಂಗಾದ್ರ ಈ ಅಧ್ಯಾಯ ನಿಂದರಂಗಿಲ್ಲ, ಇದರ ಮ್ಯಾಲೇ ನಿಂತ ಪ್ರಬಂಧನೂ ನಿಂದರಂಗಿಲ್ಲ ಅಂದ್ರು ಮೇಡಂ. ಆಮೇಲೆ ಸಭೆ ಕಡೆ ತಿರುಗಿ, ಯಾರಾದ್ರೂ ಕೇಳೋರಿದ್ರ ಕೇಳ್ರಿ ಅಂದ್ರು.

ಕಾಕಾ ಎದ್ದ. ಇದಕ್ಕೇ ಕಾಯ್ಲಿಕತ್ತಿದ್ದ. "ನಾ ಅಮೃತಪ್ಪನವರ ಮಗ. ಈಕಿ ಅವರ ಮೊಮ್ಮಗಳು, ಅದನ್ನ ಎಲ್ಲಿ ಬರದಾಳ ಕೇಳ್ರಿ," ಅಂದ.

ವೃಂದಾ ಮೇಡಂ ಆಕಿನ್ನ ನೋಡಿದ್ರು.

ಗೆದ್ದೆ ಅಂತ ತಿಳಕೊಂಡ ಕಾಕಾಗ ಇನ್ನ ತಡೀಲಿಕ್ಕ ಆಗಲಿಲ್ಲ. "ಹಂಚು ಕಸಗೊಂಡ್ರಂತ ಬರದಾಳ. ಏನ್ ಕಸಗೊಳ್ಳೋದು? ಅವರೇ ತಂದು ಇಡ್ತಿದ್ರು. ಅದು ನಮ್ಮ ಖಣಿ ರಿವಾಜು. ನಾನೇ ಇಸಗೊಂಡು ಅಟ್ಟದ ಮ್ಯಾಲ ಇಡ್ತಿದ್ದೆ. ಟೈಮಿಗಿ ಬಂದವರಿಗಿ ತಿರುಗಿ ಕೊಟ್ಟೀವಿ. ಬರಲಾರದವರವು ಮನ್ಯಾಗ ಉಳದ್ವು, ಅದರಾಗೇನ್ ತಪ್ಪು?"

ರಘುವೀರ ಸರ್ ಶಾಲು ಸರಿಮಾಡಿಕೊಳ್ಳೋ ನೆಪದಾಗ ತಲಿ ಬಗ್ಗಿಸಿದ್ರು. ವೃಂದಾ ಮೇಡಂ ಪೆನ್ನು ತಗೊಂಡು, ಯಜಮಾನರ ಪೂರ್ತಿ ಹೆಸರು ಏನು, ಹಂಚುಗಳನ್ನ ತಾವೇ ಕಣ್ಣಾರೆ ನೋಡೀರೇನು ಅಂತ ಭಾಳ ಮರ್ಯಾದಿಲೆ ಕೇಳಿದ್ರು. ಕಾಕಾ ಹೆಸರು ಹೇಳಿದ, ಊರು ಹೇಳಿದ, ನೋಡೀನಿ ಅಂದ. ಅವರು ಅಷ್ಟೂ ಬರಕೊಳ್ಳೋದು ಕಂಡ ಮ್ಯಾಲ ಅವನ ಮಾರಿ ಕಪ್ಪಿಟ್ಟಿತು. ತಾ ಏನು ಮಾಡಿದೆ ಅಂತ ಆಗ ತಿಳೀತು.

ಸಿಟ್ಟು ತೀರಿಸ್ಕೊಳ್ಳಲಿಕ್ಕ ಇನ್ನ ಆಕಿ ಒಬ್ಬಾಕಿನೇ ಉಳದಿದ್ಲು. "ಭಾಳ ದೊಡ್ಡಾಕಿ ಆಗೀ," ಅಂದ. "ನಿಮ್ಮಾಯಿ, ಅಂದ್ರ ನಮ್ಮವ್ವನ ಒಲಿ ಮ್ಯಾಲ ಇತ್ತಲ್ಲ ಹಂಚು, ಅಂಚು ಸೀಳಿದ್ದು, ಅದೂ ಅಟ್ಟದಿಂದ ಇಳಿಸಿದ್ದೇ. ಅದರ ಮ್ಯಾಲ ಸುಟ್ಟ ರೊಟ್ಟಿ ತಿಂದೇ ನೀ ಬೆಳದೀ."

ಜಯಮಾಲಾಳ ಕಣ್ಣಿಗಿ ಆ ಹಂಚು ಕಟ್ಟಿತು. ಸೀಳಿದ ಕಡೆ ರೊಟ್ಟಿ ಯಾವಾಗಲೂ ಒಂದೀಟು ಹೊತ್ತತಿತ್ತು, ಆ ತುಣುಕು ನನಗೇ ಬೇಕಂತ ಆಕಿ ಆಯಿ ಜೋಡಿ ಜಗಳ ಮಾಡ್ತಿದ್ಲು. ಹಣಮಮ್ಮ ಕೈಯಾಗ ಗೆರಿ ಎಳದಾಗ ಇದು ಯಾಕ ನೆನಪಾಗಲಿಲ್ಲ? ನೆನಪು ಮಾಡ್ಕೊಳ್ಳೋ ಮನಸ್ಸಿರಲಿಲ್ಲ, ಮತ್ತೇನು.

ಧಣಿ ಮಗನ ಬಾಯಿಂದಲೇ ಎರಡನೇ ಸಾಕ್ಷಿ ಬಂತು, ಪದವಿ ಕೊಡಬಹುದು ಅಂತ ಹೇಳಿದ್ರು, ಮಂದಿ ಚಪ್ಪಾಳಿ ಹೊಡದ್ರು. ಒಂದು ತಿದ್ದುಪಡಿ ಅದ ಅಂದ್ರು ವೃಂದಾ ಮೇಡಂ. ತಾನು ಯಾರ ಮೊಮ್ಮಗಳು, ಯಾವ ಹಂಚಿನ ರೊಟ್ಟಿ ಉಂಡಾಕಿ ಅಂತ ಜಯಮಾಲಾ ನಾಕನೇ ಅಧ್ಯಾಯದಾಗ ಬರೀಬೇಕು. ಬರಿಯೋದಕ್ಕಿಂತ ಮೊದಲ ಆ ಮುದುಕಿ ಮುಂದ ಹೇಳಬೇಕು.

ಮರುದಿನ ವಾಡಿಗಿ ಹೋದ್ಲು. ಹಣಮಮ್ಮನ ಮುಂದ ನೆಲದ ಮ್ಯಾಲ ಕುಂತು ಎಲ್ಲಾ ಹೇಳಿದ್ಲು, ಏನೂ ಉಳಿಸಲಿಲ್ಲ. ಮುದುಕಿ ಬೈತಾಳ ಅಂತ ಕಾದ್ಲು. ಮುದುಕಿ ಬೈಲಿಲ್ಲ.

"ರೊಟ್ಟಿ ಛಲೋ ಬರ್ತಿದ್ವೇನು ಅದರ ಮ್ಯಾಲ?" ಅಂತ ಕೇಳಿದ್ಲು.

"ಬರ್ತಿದ್ವು," ಅಂದಳು ಜಯಮಾಲಾ.

"ಬರ್ತಾವ. ಎಣ್ಣಿ ಹಚ್ಚಿ ಹಚ್ಚಿ ಪಳಗಿಸಿದಾಕಿ ನಾನು." ಹಣಮಮ್ಮ ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು. "ಏಳು. ಇನ್ನ ನಮ್ಮ ಮನಿಗಿ ಬರಬ್ಯಾಡ."