ಅಕ್ಕನ ಹಾಳೆಯಲ್ಲಿ ನನ್ನ ಟಿಕ್ಕುಗಳು

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಬ್ಬ ಹೆಂಗಸಿನ ಕೆಲಸ ಹೋಯಿತು. ಕಳೆದವನು ನಾನು. ಅದಕ್ಕೆ ಬೇಕಾಗಿದ್ದು ಒಂದು ಬಾಲ್‌ಪೆನ್ನು ಮಾತ್ರ.

ಈ ಅಂಕಣದಲ್ಲಿ ಊರವರ ತಪ್ಪುಗಳನ್ನು ಬೇಕಾದಷ್ಟು ಬರೆದಿದ್ದೇನೆ. (ನಮ್ಮ ಬೀದಿಯ ನಲ್ಲಿಯೊಂದರ ಮೇಲೇ ಮೂರು ವಾರ ಬರೆದೆ. ಓದಿದವರಿಗೆ ನೆನಪಿದ್ದರೆ ಕ್ಷಮಿಸಿ.) ಈ ವಾರ ನನ್ನ ಸರದಿ.

ನನ್ನ ಅಕ್ಕನಿಗೆ ಎಂಬತ್ತರ ಹತ್ತಿರ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ. ಮಾತು ಮಾತ್ರ ಮೊದಲಿಗಿಂತ ಚುರುಕು. ಗುಂಡ್ಲುಪೇಟೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ನನ್ನ ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹಾಗಾಗಿ ಚಾಮರಾಜನಗರದ ಒಂದು ಹೋಂ ಕೇರ್‌ನವರಿಗೆ ಫೋನ್ ಮಾಡಿದೆವು. ಅವರು ಬೇಗೂರಿನ ಮಾದೇವಮ್ಮನನ್ನು ಕಳಿಸಿದರು. ಐವತ್ತು ದಾಟಿದ ಹೆಂಗಸು. ಬೆಳಿಗ್ಗೆ ಎಂಟಕ್ಕೆ ಬಂದು ಅಕ್ಕನ ಮೈ ಒರೆಸಿ, ಗಂಜಿ ಕುಡಿಸಿ, ಕೈಕಾಲು ಆಡಿಸಿ, ನಾಲ್ಕಕ್ಕೆ ಬೇಗೂರಿನ ಬಸ್ ಹತ್ತುವವಳು.

ಅವಳ ಜೊತೆ ಒಂದು ಫೈಲೂ ಬಂತು. ಅದರಲ್ಲಿ ದಿನಕ್ಕೊಂದು ಹಾಳೆ, ಹಾಳೆಯಲ್ಲಿ ಮನೆ ಮನೆ ಗೆರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಟಿಕ್ ಹಾಕಬೇಕು. ಚರ್ಮ ನೋಡಬೇಕು, ಟಿಕ್ ಹಾಕಬೇಕು.

ಹಾಳೆ ಕಂಡ ತಕ್ಷಣ ನನ್ನ ಕೈ ತುರಿಸಿತು. ಏಕೆ ಗೊತ್ತೇ? ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸಕ್ಕೆ ಸೇರಿದ ನಾನು, ಕೊನೆಯ ಹದಿನೆಂಟು ವರ್ಷ ಒಂದು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆಯುವ ಕೆಲಸ. ಲೇಟು ಎಂದು ಬರೆದರೆ ಮೇಲಿನಿಂದ ಪ್ರಶ್ನೆ. ಡ್ರೈವರ್‌ಗೂ ತೊಂದರೆ, ನನಗೂ ತೊಂದರೆ. ಆದ್ದರಿಂದ ಬೆಳಗಿನ ಕಾಫಿ ಆದ ಮೇಲೆ ಇಡೀ ದಿನದ ಟೈಮನ್ನು ವೇಳಾಪಟ್ಟಿ ನೋಡಿ ಒಂದೇ ಸಲ ತುಂಬಿಬಿಡುತ್ತಿದ್ದೆ. ನಿಲ್ದಾಣದಲ್ಲಿ ಜನ ಬಸ್ಸಿಗೆ ಕಾದು ನನ್ನನ್ನು ಬಯ್ಯುತ್ತಿದ್ದರು. ಪುಸ್ತಕದಲ್ಲಿ ಬಸ್ಸು ಆಗಲೇ ಹೋಗಿರುತ್ತಿತ್ತು.

ಅಕ್ಕನ ಹಾಳೆಗೂ ಅದನ್ನೇ ಮಾಡಿದೆ.

ಕೆಟ್ಟ ಉದ್ದೇಶವೇನೂ ಇರಲಿಲ್ಲ. (ಇದನ್ನು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೇನೆ.) ಎಡಕ್ಕೆ ತಿರುಗಿಸಿದರೆ ಅಕ್ಕನಿಗೆ ಭುಜ ಸಿಡಿಯುತ್ತಿತ್ತು. ಬಲಕ್ಕೆ ಮಲಗಿದರೆ ಹಾಯಾಗಿ ಕಿಟಕಿ ಕಾಣುತ್ತದೆ, ಬೀದಿ ಕಾಣುತ್ತದೆ. ಎಡಕ್ಕೆ ಬರೀ ಗೋಡೆ.

"ಬುಡ್ಲಾ, ನೋಯ್ತದ. ಗ್ವಾಡೇಲಿ ಏನದ ನೋಡಕ್ಕೆ?" ಎನ್ನುವಳು.

ನನ್ನನ್ನು ಎತ್ತಿ ಬೆಳೆಸಿದವಳು. ಅವಳು ನರಳಿದರೆ ನನಗೆ ತಡೆಯಲಾಗದು. ಮಾದೇವಮ್ಮ ತಿರುಗಿಸಲು ಬಂದರೆ, "ಈಗ ತಾನೆ ನಾನೇ ತಿರುಗಿಸಿ ಮತ್ತೆ ಈ ಕಡೆ ಮಲಗಿಸ್ದೆ, ನೀನು ಬಟ್ಟೆ ಒಗಿ ಹೋಗಮ್ಮ" ಎನ್ನುತ್ತಿದ್ದೆ. ಅವಳು ಬರೆಯಲು ಫೈಲ್ ತೆಗೆದರೆ ಟಿಕ್ಕು ಆಗಲೇ ಅಲ್ಲಿರುತ್ತಿತ್ತು. ಒಂದು ದಿನ ಮೈ ಒರೆಸುವಾಗ ಅವಳೇ ಕರೆದಳು.

"ಅಪ್ಪಾಜಿ, ಬಲಗಡೆ ಸೊಂಟದ ತಾವು ಕೆಂಪಾಗದ. ನರ್ಸ್ ಮೇಡಂಗೆ ಬರೀಬೇಕು."

"ಸೆಕೆ ಕಣಮ್ಮ. ಪೌಡರ್ ಹಾಕು."

ಚರ್ಮದ ಮನೆಯಲ್ಲೂ ಆ ದಿನ ನನ್ನ ಟಿಕ್ಕಿತ್ತು.

ಹತ್ತು ದಿನಕ್ಕೆ ಆ ಕೆಂಪು ಹುಣ್ಣಾಯಿತು. ಸಂಸ್ಥೆಯ ನರ್ಸ್ ಮೇಡಂ ಚಾಮರಾಜನಗರದಿಂದ ಬಂದರು. ಗಾಯ ನೋಡಿದರು, ಹಾಳೆ ನೋಡಿದರು. ಹಾಳೆಯಲ್ಲಿ ಒಂದು ಮನೆಯೂ ಖಾಲಿ ಇಲ್ಲ. ಎಂಟರಿಂದ ನಾಲ್ಕರವರೆಗಿನ ಹೊಣೆ ಮಾದೇವಮ್ಮನದು ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿದೆ.

"ತಿರುಗಿಸದೇ ಟಿಕ್ ಹಾಕಿದ್ದೀರಾ?" ಎಂದು ಅವಳನ್ನು ಕೇಳಿದರು.

ಮಾದೇವಮ್ಮ, "ಅಪ್ಪಾಜಿನ ಕೇಳಿ ಮೇಡಂ" ಎಂದು ನನ್ನ ಕಡೆ ನೋಡಿದಳು.

ನಾನು ಕ್ಯಾಲೆಂಡರ್ ನೋಡಿದೆ.

ಅಷ್ಟೇ. ಒಂದು ಸುಳ್ಳು ಮಾತನ್ನೂ ಆಡಲಿಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದು ಮೇಡಂ ಮಾದೇವಮ್ಮನಿಗೆ ಹೇಳಿದರು. ಅವಳು ಬ್ಯಾಗ್ ಎತ್ತಿಕೊಂಡು, ಅಕ್ಕನ ಹೊದಿಕೆ ಸರಿಮಾಡಿ, ಹೊರಟುಹೋದಳು. ಮರುದಿನದಿಂದ ಬೇರೊಬ್ಬಳು ಬಂದಳು.

ಮೂರು ದಿನ ಅಕ್ಕ ಕೇಳುತ್ತಲೇ ಇದ್ದಳು. "ಮಾದೇವಮ್ಮ ಯಾಕ್ಲಾ ಬರ್ನಿಲ್ಲ?"

"ರಜಾ ಹಾಕವ್ಳೆ."

ನಾಲ್ಕನೇ ದಿನ ಹೊಸಬಳಿಂದ ಅಕ್ಕನಿಗೆ ವಿಷಯ ತಿಳಿಯಿತು. ಅವಳು ಹೊರಗೆ ಹೋಗುವವರೆಗೆ ಅಕ್ಕ ಕಾದಳು.

"ನೀನು ಬರಿಯೋ ಮೇಜು ಯಾವ ಕಡೆ ಐತ್ಲಾ?"

"ಕಿಟಕಿ ಕಡೆ."

"ನಾನು ಯಾವ ಕಡೆ ಮಕ್ಕಂಡಿದ್ದೆ?"

"ಅದೂ ಕಿಟಕಿ ಕಡೆ."

"ಬೆಳಗಾನ ಕಾಪಿ ಕುಡ್ದು ನೀನು ಟಿಕ್ಕು ಒತ್ತದ್ನ ನೋಡ್ಕಂಡೇ ಬಿದ್ದಿದ್ನಲ್ಲ. ನಾನು ನೋವು ಅಂದೆ, ನೀನು ಟಿಕ್ಕು ಹಾಕ್ದೆ. ಇಬ್ರೂ ಸೇರ್ಕಂಡು ಆ ಎಣ್ಣುಮಗಳ ಅನ್ನ ಕಿತ್ಬುಟ್ವಲ್ಲ. ಓಗು, ಹೇಳ್ಬುಟ್ಟು ಬಾ."

ಹೋದೆ. ಚಾಮರಾಜನಗರಕ್ಕೆ ಬಸ್ ಹತ್ತಿದೆ. ಫೈಲು ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಮೊದಲ ವಾಕ್ಯ ಜೋಡಿಸಿದೆ, ಒಂದೂ ಸರಿಹೋಗಲಿಲ್ಲ. ಕೊನೆಗೆ ಆಫೀಸಿನಲ್ಲಿ ಫೈಲನ್ನು ಮೇಡಂ ಮುಂದಿಟ್ಟು, "ಇವೆಲ್ಲ ನನ್ನ ಟಿಕ್ಕು" ಎಂದೆ. ಬಸ್ ನಿಲ್ದಾಣದ ಪುಸ್ತಕದ ಕಥೆಯನ್ನೂ ಹೇಳಿದೆ.

ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ದಿದ್ದರೆ ಸುಲಭವಾಗುತ್ತಿತ್ತು. ಮೇಡಂ ಎದ್ದು ಬೀರುವಿನಿಂದ ಇನ್ನೊಂದು ಕಟ್ಟು ಹಾಳೆ ತಂದರು. ಬೇರೆ ಬೇರೆ ಮನೆಗಳವು. ಚಂದಕವಾಡಿ, ಕುದೇರು, ಎಲ್ಲೆಲ್ಲಿಂದಲೋ. ಒಂದೊಂದಾಗಿ ತಿರುವಿ ತೋರಿಸಿದರು. ಎಲ್ಲ ಹಾಳೆಯ ಮನೆ ಮನೆಯಲ್ಲೂ ಟಿಕ್ಕೇ ಟಿಕ್ಕು.

"ಒಂದೂ ಖಾಲಿ ಇಲ್ಲ ಸರ್. ಮೊನ್ನೆವರೆಗೆ ಇದನ್ನು ನೋಡಿ ಖುಷಿಪಡ್ತಿದ್ದೆ. ಮಾದೇವಮ್ಮನ್ನ ಕೆಲಸದಿಂದ ತೆಗೆದಿದ್ದೂ ವಿಚಾರಿಸದೇ, ಈ ಹಾಳೆ ನಂಬಿ. ನನ್ನದೂ ತಪ್ಪಿದೆ" ಎಂದರು. ಆಮೇಲೆ ಕೇಳಿದರು. "ನಿಮಗೆ ಇದರಲ್ಲಿ ಸರ್ವೀಸ್ ಇದೆಯಲ್ಲ. ನೀವೇ ಹೇಳಿ. ನಿಮ್ಮ ಕೈಲಿ ಸುಳ್ಳು ತುಂಬಕ್ಕೆ ಆಗದೇ ಇದ್ದ ಪುಸ್ತಕ ಯಾವುದಾದರೂ ಇತ್ತಾ?"

ಎಪ್ಪತ್ತು ದಾಟಿದ ಮೇಲೆ ಇಂಥ ಪ್ರಶ್ನೆ. ಅವಮಾನವೋ ಗೌರವವೋ ತಿಳಿಯಲಿಲ್ಲ. ಇತ್ತು, ಒಂದೇ ಒಂದು. ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನಿನ ಪುಸ್ತಕ. ಕೊಡೆ, ಚೀಲ, ಒಂದು ಸಲ ಒಂದು ಕೋಳಿ. ಅಲ್ಲಿ ಟಿಕ್ ಹಾಕಲು ಜಾಗವಿರಲಿಲ್ಲ, ಕಂಡದ್ದನ್ನು ಬರೆಯಬೇಕಿತ್ತು. ಏನೂ ಸಿಗದ ದಿನ "ಇಲ್ಲ" ಎಂದು ಬರೆದರೆ ಯಾರೂ ಬಯ್ಯುತ್ತಿರಲಿಲ್ಲ.

ಮೇಡಂ ಪೆನ್ನು ತೆಗೆದುಕೊಂಡರು. ಅರ್ಧ ಗಂಟೆ ಅದೇ ಮಾತು.

ಈಗ ಅಕ್ಕನ ಹಾಳೆಯಲ್ಲಿ ಟಿಕ್ಕಿಲ್ಲ. ಅವಳು ಯಾವ ಕಡೆಗೆ ಮುಖ ಮಾಡಿದ್ದಾಳೆ, ಕಿಟಕಿಗೋ ಗೋಡೆಗೋ ಎಂದು ಬರೆಯಬೇಕು. ಚರ್ಮ ಯಾವ ಬಣ್ಣ ಎಂದು ಬರೆಯಬೇಕು. ಬರೆದವರು ಕೆಳಗೆ ತಮ್ಮ ಹೆಸರು ಹಾಕಬೇಕು. ಆಫೀಸಿನಿಂದ ಯಾವ ಹೊತ್ತಿಗಾದರೂ ಫೋನ್ ಬರಬಹುದು: "ಅಮ್ಮ ಈಗ ಏನು ನೋಡ್ತಿದ್ದಾರೆ?" ಉತ್ತರವನ್ನು ಅಕ್ಕನೇ ಕೊಡುತ್ತಾಳೆ. (ಆಮೇಲೆ ಫೋನ್ ಇಡುವುದಿಲ್ಲ, ಅದು ಬೇರೆ ಕಷ್ಟ.)

ಇನ್ನೊಂದು ಕಾಲಂ ಸೇರಿದೆ. "ಆಗಲಿಲ್ಲ, ಕಾರಣ." ಅದನ್ನು ತುಂಬಿದವರನ್ನು ಯಾರೂ ಬಯ್ಯಕೂಡದು ಎಂದು ಮೇಡಂ ನಿಯಮ ಮಾಡಿದ್ದಾರೆ. ಮೊದಲ ದಿನವೇ ಅದರಲ್ಲಿ "ಎಡ ಭುಜ ನೋವು, ಬೇಡ ಅಂದರು" ಎಂದು ಬಿತ್ತು. ಮೇಡಂ ಅದನ್ನು ಓದಿ ಡಾಕ್ಟರನ್ನು ಕೇಳಿ ಮಾತ್ರೆ ಕೊಡಿಸಿದರು. ತೋಳಿನ ಕೆಳಗೆ ದಿಂಬಿಟ್ಟು, ಅಡಿಯ ಬೆಡ್‌ಶೀಟ್ ಹಿಡಿದು ಇಬ್ಬರು ಸೇರಿ ತಿರುಗಿಸುವುದನ್ನು ಕಲಿಸಿದರು. ಈಗ ಅಕ್ಕ ಗೊಣಗುತ್ತಾಳೆ, ಕಿರುಚುವುದಿಲ್ಲ. ನನ್ನ ಒಂದು ಟಿಕ್ಕಿನ ಅಡಿಯಲ್ಲಿ ಇಷ್ಟೆಲ್ಲ ಮುಚ್ಚಿಹೋಗಿತ್ತೇ?

ಮಾದೇವಮ್ಮನಿಗೆ ಅವತ್ತೇ ಮೇಡಂ ತಪ್ಪಾಯಿತು ಎಂದು ಫೋನ್ ಮಾಡಿದ್ದರು. ಅವಳು ಒಪ್ಪಿದಳಂತೆ, ಒಂದು ಷರತ್ತಿನ ಮೇಲೆ. "ಬತ್ತೀನಿ. ಆ ಅಪ್ಪಾಜಿ ಕೈಗೆ ಪೆನ್ನು ಕೊಡ್ಬೇಡಿ." ಬಂದ ದಿನ ಅಕ್ಕನ ಎದುರಿಗೇ ಅವಳ ಕ್ಷಮೆ ಕೇಳಿದೆ. ಅವಳು "ಬಿಸಿನೀರು ಕಾದದ?" ಎಂದು ಒಳಗೆ ಹೋದಳು. ಹದಿನೈದು ದಿನವಾಯಿತು. ಹುಣ್ಣು ನಿಧಾನವಾಗಿ ಮಾಯುತ್ತಿದೆ.

ಮೊನ್ನೆ ಭಾನುವಾರ ಅವಳಿಗೆ ರಜೆ, ಹಾಗಾಗಿ ಪೆನ್ನು ನನ್ನ ಕೈಗೆ ಬಂತು. ಮಗ, ಸೊಸೆ ಪೇಟೆಗೆ ಹೋಗಿದ್ದರು. ಎರಡು ಗಂಟೆಗೆ ಪಕ್ಕದ ಮನೆಯವನನ್ನು ಕರೆದು ಇಬ್ಬರೂ ಸೇರಿ ಅಕ್ಕನನ್ನು ತಿರುಗಿಸಬೇಕಿತ್ತು. ಕುರ್ಚಿಯಲ್ಲೇ ನಿದ್ದೆ ಹೋದೆ. ಎದ್ದಾಗ ಮೂರೂಕಾಲು. ಅವನನ್ನು ಕರೆತಂದು ತಿರುಗಿಸಿದ್ದಾಯಿತು. ಫೈಲು ತೆರೆದೆ. ಎರಡು ಗಂಟೆಯ ಮನೆ ಖಾಲಿ. ಹಳೆಯ ಕೈ ಹಾಗೇ ಒಂದು ಕ್ಷಣ "ಗೋಡೆ" ಎಂದು ಬರೆಯಲು ಹೋಯಿತು. ತಡೆದೆ.

ಗೋಡೆಯ ಕಡೆಯಿಂದ ಅಕ್ಕನ ದನಿ. "ಏನ್ಲಾ ಬರ್ದೆ? ಓದು."

ಓದಿದೆ. "ಎರಡು ಗಂಟೆಗೆ ಆಗಲಿಲ್ಲ. ಕಾರಣ, ನಾನು ನಿದ್ದೆ ಹೋಗಿದ್ದೆ. ಮೂರೂಕಾಲಕ್ಕೆ ಆಯಿತು."

ಅವಳು ನಕ್ಕಳು. "ಅಂತೂ ಬಸ್ಸು ಲೇಟಾಗಿ ಬಂತು ಅಂತ ಬರ್ದ ಕಣಪ್ಪ, ನನ್ ತಮ್ಮ."